ಮ್ಯೂಸಿಯಂ ಮೇಲಿನ ಲುಂಗಿ

ಭಾವ ತೀರಿಕೊಂಡ ಮೇಲಿನ ಮೊದಲ ಸಂಕ್ರಾಂತಿ ಕಳೆದದ್ದೇ ತಡ, ಅಕ್ಕ ಅವರ ಬೀರು ಖಾಲಿ ಮಾಡಲು ಕೂತಳು. ಬಸವನಗುಡಿಯ ಆ ಮನೆಯಲ್ಲಿ ಬೀರು ಹೆಸರಿಗೆ ಗಂಡ ಹೆಂಡತಿ ಇಬ್ಬರದು, ಒಳಗೆ ಇದ್ದದ್ದೆಲ್ಲ ಹಕ್ಕಿಗಳದು. ಹಕ್ಕಿಗಳ ಪುಸ್ತಕ, ಹಕ್ಕಿ ನೋಡುವ ದುರ್ಬೀನು, ಹಕ್ಕಿಗೆ ಗುರುತು ಸಿಗದಿರಲೆಂದು ಹಾಕಿಕೊಳ್ಳುವ ಹಸಿರು ಟೋಪಿ. ಭಾವ ಸಂಬಳಕ್ಕೆ ವಿಮಾ ಕಚೇರಿಗೆ ಹೋಗುತ್ತಿದ್ದರು, ಬದುಕುವುದಕ್ಕೆ ಕೆರೆದಂಡೆಗೆ. ಮದುವೆಗಳಿಗೆ, ಗೃಹಪ್ರವೇಶಗಳಿಗೆ ಅಕ್ಕ ಒಬ್ಬಳೇ ಬಂದಾಗ ‘ಯಜಮಾನ್ರು ಬರ್ಲಿಲ್ವಾ?’ ಎಂದು ಕೇಳಿದವರಿಗೆಲ್ಲ ಅವಳು ‘ಕೊಕ್ಕರೆ ಮನೇಲಿ ಫಂಕ್ಷನ್ ಇತ್ತು, ಅಲ್ಲಿಗ್ ಹೋಗಿದಾರೆ’ ಎನ್ನುತ್ತಿದ್ದಳು.

ನಾನು ಮಲ್ಲೇಶ್ವರದಿಂದ ಸಹಾಯಕ್ಕೆಂದು ಹೋದಾಗ ಅವಳು ಬೀರುವಿನ ತಳದಿಂದ ಮೊಣಕೈಯುದ್ದದ ಒಂದು ವಸ್ತುವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮಡಿಲಿಗೆ ಹಾಕಿದಳು.

“ಷರಟುಗಳು ಆಶ್ರಮಕ್ಕೆ, ಪುಸ್ತಕ ಲೈಬ್ರರಿಗೆ. ಈ ಒನಕೆ ನಿಂಗೆ.”

ಅದು ಭಾವನ ಟೆಲಿಫೋಟೊ ಲೆನ್ಸು, ಕ್ಯಾಮರಾ ಸಮೇತ. ಕೆರೆಯ ಆಚೆ ದಡದಲ್ಲಿ ಕೂತ ಮಿಂಚುಳ್ಳಿಯ ಕಣ್ಣನ್ನು ಈಚೆ ದಡದಿಂದಲೇ ತೆಗೆಯಬಲ್ಲ ಲೆನ್ಸು. ಅದಕ್ಕೆ ಭಾವ ಗಾಂಧಿ ಬಜಾರಿನ ಟೈಲರ್ ಹತ್ತಿರ ಮಿಲಿಟರಿಯವರ ಬಟ್ಟೆಯಂಥ ಚಕ್ಕೆ ಚಕ್ಕೆ ಬಟ್ಟೆಯಲ್ಲಿ ಗೌಸು ಹೊಲಿಸಿದ್ದರು. ಅದೇ ಟೈಲರ್ ಅಕ್ಕನ ರವಿಕೆ ಹೊಲಿಯುವವನು. “ಇದಕ್ಕೆ ಎಷ್ಟ್ ಚೆನ್ನಾಗ್ ಕೂತಿದೆ ನೋಡು. ನನ್ ಒಂದ್ ರವಿಕೇನಾದ್ರೂ ಹೀಗ್ ಹೊಲ್ದಿದಾನಾ?” ಎಂದು ಅಕ್ಕ ಗೌಸನ್ನು ಎಳೆದು ತೋರಿಸಿದಳು.

ನಾನು ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದವಳು. ಫೋಟೊದ ಹುಚ್ಚು ಆಮೇಲೆ ಹತ್ತಿದ್ದು, ಅದೂ ಮೊಬೈಲಿನಲ್ಲಿ. ಇಂಥ ಲೆನ್ಸು ಸಿಕ್ಕಿದರೆ ಬೇಡ ಎನ್ನುವಷ್ಟು ವೈರಾಗ್ಯ ನನಗಿರಲಿಲ್ಲ. ಬೇಡ ಬೇಡ ಎನ್ನುತ್ತಲೇ ಅದನ್ನು ಚೀಲಕ್ಕೆ ತುಂಬಿಕೊಂಡೆ. ಅಕ್ಕ ಚೀಲದ ಮೇಲೆ ಕೈ ಇಟ್ಟಳು.

“ಒಂದ್ ಷರತ್ತು. ರೆಕ್ಕೆ ಇರೋದು ಏನೂ ತೆಗೀಬಾರ್ದು.”

“ಮತ್ತೇನ್ ತೆಗೀಲಿ?”

“ಮ್ಯೂಸಿಯಂ ತೆಗಿ. ದೊಡ್ಡದಾಗಿ ಹಾಕ್ಸಿ ಹಾಲ್‌ನಲ್ಲಿ ತೂಗ್ ಹಾಕ್ತೀನಿ. ಗೋಡೆ ತುಂಬ ಹದ್ದು ಗೂಬೆ ಇಟ್ಕೊಂಡು ಸಾಕಾಗಿದೆ ನಂಗೆ.”

ಕಬ್ಬನ್ ಪಾರ್ಕಿನ ಪಕ್ಕದ ಕೆಂಪು ಮ್ಯೂಸಿಯಂ ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು, ನಾನೇ ಸಾಕ್ಷಿ. ಅಕ್ಕನ ನಿಶ್ಚಿತಾರ್ಥವಾದ ಮೇಲೆ ಹುಡುಗ ಹುಡುಗಿ ಒಂದು ಸಲ ಹೊರಗೆ ಹೋಗಿಬರಲಿ ಎಂದು ಎರಡೂ ಮನೆಯವರು ಒಪ್ಪಿದರು. ಚಾಮರಾಜಪೇಟೆಯ ನಮ್ಮಪ್ಪನಿಗೆ ಸಿನಿಮಾ ಎಂದರೆ ಕತ್ತಲೆ, ಹೋಟೆಲ್ ಎಂದರೆ ಮೈಲಿಗೆ. ಹಾಗಾಗಿ ಮ್ಯೂಸಿಯಂ. ಕಲ್ಲಿನ ವಿಗ್ರಹಗಳ ಮುಂದೆ ಯಾರಿಗೂ ಕೆಟ್ಟ ಬುದ್ಧಿ ಬರುವುದಿಲ್ಲ ಎಂದು ಅವರ ಲೆಕ್ಕಾಚಾರ. ಮೇಲಿಂದ ಕಾವಲಿಗೆ ಲಂಗ ಜಾಕೀಟಿನ ನಾನು. ಆ ವಿಗ್ರಹಗಳನ್ನು ಅಪ್ಪ ಸರಿಯಾಗಿ ನೋಡಿರಲಿಲ್ಲವೆಂದು ಕಾಣುತ್ತದೆ.

ಅಪ್ಪ ಹೆದರಬೇಕಾದದ್ದೇನೂ ಇರಲಿಲ್ಲ. ಅಲ್ಲಿಗೆ ಹೋದ ಕೂಡಲೇ ಭಾವನಾಗಲಿದ್ದವರು ಮ್ಯೂಸಿಯಂ ನೆತ್ತಿಯ ಮೇಲೆ ಏನೋ ಹಕ್ಕಿ ಕೂತದ್ದನ್ನು ಕಂಡರು. “ಇಲ್ಲೇ ಇರಿ, ಬಂದೆ” ಎಂದು ಕತ್ತು ಮೇಲೆತ್ತಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕಿದರು. ಹಾಕುತ್ತಾ ಹಾಕುತ್ತಾ ಕಾರಂಜಿಯ ತೊಟ್ಟಿಗೆ ಬೆನ್ನಾಗಿ ಬಿದ್ದರು. ಹೊಸ ಪ್ಯಾಂಟಿನ ತುಂಬ ಪಾಚಿ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರು ತೊಟ್ಟಿಯೊಳಗೆ ನಿಂತೇ ಮೇಲೆ ನೋಡಿ, “ಹಾರಿಹೋಯ್ತು” ಎಂದರು. ಮನೆಗೆ ಬಂದ ಮೇಲೆ ಅಪ್ಪ, “ಹೇಗಿದಾನಮ್ಮಾ ಹುಡುಗ?” ಎಂದು ಮೆಲ್ಲಗೆ ಕೇಳಿದ್ದಕ್ಕೆ ಅಕ್ಕ, “ಒದ್ದೆಯಾಗಿದಾರೆ” ಎಂದಿದ್ದಳು.

ಮದುವೆಯಾದ ಮೇಲೆ ಭಾವ ಊರೂರಿನ ಹಕ್ಕಿಗಳನ್ನೆಲ್ಲ ತೆಗೆದರು. ಆ ಮ್ಯೂಸಿಯಮ್ಮನ್ನು ಒಮ್ಮೆಯೂ ತೆಗೆಯಲಿಲ್ಲ.

ವಾರದ ನಂತರ ನಾನು ಸಂಪಿಗೆ ರಸ್ತೆಯಿಂದ, ಅವಳು ಬಸವನಗುಡಿಯಿಂದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಸೇರಿ, ಅಲ್ಲಿಂದ ಇನ್ನೊಂದು ರೈಲು ಹಿಡಿದು ಕಬ್ಬನ್ ಪಾರ್ಕಿಗೆ ಹೋದೆವು. ಅಕ್ಕನ ಕೈಚೀಲದಲ್ಲಿ ಕೋಡುಬಳೆ, ನೀರು, ಕೊಡೆ, ಕೂರುವುದಕ್ಕೆ ಹಳೆಯ ಪೇಪರು. ನನ್ನ ಹೆಗಲಲ್ಲಿ ಒನಕೆ. ಮೆಟ್ರೊ ತಪಾಸಣೆಯ ಹುಡುಗಿ ಚೀಲದೊಳಗೆ ಇಣುಕಿ ನನ್ನ ಮುಖ ನೋಡಿದಳು. “ಹಕ್ಕಿ ತೆಗ್ಯೋ ಕ್ಯಾಮರಾ ಕಣಮ್ಮಾ,” ಎಂದು ಅಕ್ಕನೇ ಹೇಳಿದಳು. “ಆದ್ರೆ ಹಕ್ಕಿ ತೆಗ್ಯಲ್ಲ ನಾವು.”

ದೊಡ್ಡ ಕಟ್ಟಡವನ್ನು ಹತ್ತಿರದಿಂದ ಮೊಬೈಲಿನಲ್ಲಿ ತೆಗೆದರೆ ಅದು ಹಿಂದಕ್ಕೆ ವಾಲುತ್ತದೆ, ಭರ್ಜರಿ ಊಟ ಮಾಡಿ ಕುರ್ಚಿಗೊರಗಿದವರ ಹಾಗೆ. ದೂರದಿಂದ ಇಂಥ ಲೆನ್ಸಿನಲ್ಲಿ ತೆಗೆದರೆ ಮಾತ್ರ ಕಂಬಗಳು ನೆಟ್ಟಗೆ ನಿಲ್ಲುತ್ತವೆ, ಒಂದರ ಪಕ್ಕ ಒಂದು ಒತ್ತಿಕೊಂಡು ಗಂಭೀರವಾಗಿ ಕಾಣುತ್ತವೆ. ಇದನ್ನೆಲ್ಲ ನಾನು ಓದಿಕೊಂಡು ಬಂದಿದ್ದೆ. ಎಷ್ಟು ದೂರದಿಂದ ಎನ್ನುವುದನ್ನು ಓದಿರಲಿಲ್ಲ.

ಗೇಟಿನೊಳಗೆ ನಿಂತು ಕಣ್ಣಿಟ್ಟು ನೋಡಿದರೆ ಕಂಡದ್ದು ಒಂದು ಕಂಬದ ಹೊಟ್ಟೆ ಮಾತ್ರ. ಹಿಂದೆ ಬಂದೆ. ಕಂಬದ ಹೊಟ್ಟೆ ಮತ್ತು ಎದೆ. ಇನ್ನೂ ಹಿಂದೆ ಬಂದೆ. ಅಕ್ಕ ನನ್ನ ಸೆರಗು ಹಿಡಿದುಕೊಂಡು, “ತೊಟ್ಟಿ, ತೊಟ್ಟಿ!” ಎಂದು ಕೂಗಿದಳು. ತೊಟ್ಟಿಯನ್ನು ಬಳಸಿಕೊಂಡು ಗೇಟು ದಾಟಿ ಫುಟ್‌ಪಾತಿಗೆ ಬಂದೆವು. ಆಗಲೂ ಅರ್ಧ ಕಟ್ಟಡ. ರಸ್ತೆ ದಾಟಿ ಆಚೆ ಹೋದರೆ ಲೆನ್ಸಿನ ತುಂಬ ಬಿ.ಎಂ.ಟಿ.ಸಿ. ಬಸ್ಸುಗಳ ಬದಿ, ಬಸ್ಸು ಹೋದರೆ ಮರ. ಜೊತೆಗೆ ಈ ಲೆನ್ಸಿಗೆ ಹತ್ತಿರ ಇರುವುದು ಕಾಣುವುದೇ ಇಲ್ಲ. ಪಕ್ಕದಲ್ಲೇ ನಿಂತ ಅಕ್ಕನ ಕಡೆ ತಿರುಗಿಸಿದರೆ ಅವಳು ಬರೀ ನೇರಳೆ ಬಣ್ಣದ ಮಬ್ಬು.

“ಥೇಟ್ ನಿಮ್ ಭಾವ,” ಎಂದಳು ಅಕ್ಕ. “ಬಾ, ಮೇಲಿಂದ ತೆಗ್ಯೋಣ.”

ಮೇಲೆ ಎಂದರೆ ಎದುರು ಸಾಲಿನ ಹಿಂದಿದ್ದ ಒಂದು ಹಳೆಯ ಕಮರ್ಷಿಯಲ್ ಕಾಂಪ್ಲೆಕ್ಸು. ಬಾಗಿಲಲ್ಲಿ ಸೆಕ್ಯುರಿಟಿಯವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಬೈಲು ನೋಡುತ್ತಿದ್ದ.

“ಯಾರ್ ಬೇಕಿತ್ತಮ್ಮಾ?”

“ಟ್ಯಾಂಕ್ ನೋಡ್ಬೇಕಿತ್ತಪ್ಪಾ,” ಎಂದಳು ಅಕ್ಕ, ಮುಖದಲ್ಲಿ ಒಂದು ಗೆರೆ ಅಲುಗಿಸದೆ.

“ಟ್ಯಾಂಕಾ? ಕಾರ್ಪೊರೇಷನ್ನಿಂದಾನಾ?”

“ಹೋದ್ಸಲ ಯಾವಾಗ ತೊಳ್ಸಿದ್ರಿ?”

ಅವನು ಎದ್ದು ನಿಂತ. ಟ್ಯಾಂಕು ತೊಳೆಸಿರಲಿಲ್ಲವೆಂದು ಅವನ ಮುಖವೇ ಹೇಳಿತು. ಲಿಫ್ಟಿನ ಗುಂಡಿ ತಾನೇ ಒತ್ತಿ, “ಟೆರೇಸ್ ಬಾಗ್ಲು ತೆಗ್ದೇ ಇದೆ ಮೇಡಮ್” ಎಂದ. ಲಿಫ್ಟಿನೊಳಗೆ ನಾನು, “ಸುಳ್ಳು ಹೇಳ್ತೀಯಲ್ಲೇ” ಎಂದೆ. “ಎಲ್ಲೇ ಹೇಳ್ದೆ? ಟ್ಯಾಂಕ್ ನೋಡ್ಬೇಕಂದೆ. ನೋಡೇ ನೋಡ್ತೀನಿ” ಎಂದಳು. ಮೇಲೆ ಹೋದ ಮೇಲೆ ಮೊದಲು ಟ್ಯಾಂಕಿನ ಮುಚ್ಚಳ ಎತ್ತಿ ಇಣುಕಿ, “ಥೂ” ಎಂದು ಮುಚ್ಚಿದಳು.

ಟೆರೇಸಿನಿಂದ ಎಲ್ಲವೂ ಕಂಡಿತು. ಗುಲಾಬಿ ಬಣ್ಣದ ಹೂ ಬಿಟ್ಟ ಮರಗಳ ಆಚೆಗೆ, ಒಂದು ಸೀಳಿನಲ್ಲಿ, ಅಳತೆ ಮಾಡಿ ಇಟ್ಟಂತೆ ಮ್ಯೂಸಿಯಂ. ಕೆಂಪು ಗೋಡೆ, ಸಾಲು ಕಂಬ, ಕಂಬದ ತಲೆಯ ಮೇಲೆ ಸುರುಳಿ ಸುರುಳಿ ಎಲೆಗಳ ಕೆತ್ತನೆ. ಈ ಎಲೆಗಳನ್ನು ನಾನು ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಮಕ್ಕಳು ಅದನ್ನು ಹೂಕೋಸು ಎಂದು ತಿಳಿದು, ನಾನು ರೇಗಿ, ಎಲ್ಲ ಆಗಿದೆ. ಈಗ ಲೆನ್ಸಿನಲ್ಲಿ ಅವು ಕೈಗೆ ಸಿಗುವಷ್ಟು ಹತ್ತಿರ ಬಂದವು. ಹೂಕೋಸೇ. ಮಕ್ಕಳದು ಸರಿಯಿತ್ತು.

ಆದರೆ ಕಟ್ಟಡದ ಒಂದು ಪಕ್ಕಕ್ಕೆ ಏನೋ ದುರಸ್ತಿಗೆಂದು ಮರದ ಗಳಗಳ ಸಾರವೆ ಕಟ್ಟಿದ್ದರು. ಆ ಗಳದ ಮೇಲೆ, ಎರಡು ಕಂಬಗಳ ನಟ್ಟನಡುವೆ, ನೀಲಿ ಚೌಕಳಿಯ ಒಂದು ಲುಂಗಿ ಒಣಗುತ್ತಿತ್ತು.

“ತೆಗಿಯೇ,” ಎಂದಳು ಅಕ್ಕ.

“ಲುಂಗಿ ಇದೆ.”

“ಇರ್ಲಿ ಬಿಡು. ನೀನ್ ಉಟ್ಕೋ ಅಂದ್ನಾ?”

“ಅಕ್ಕಾ, ಅಷ್ಟ್ ದೊಡ್ಡ ಕಟ್ಟಡ. ಅದಕ್ಕೊಂದು ಗಾಂಭೀರ್ಯ ಬೇಡ್ವಾ? ಒಣಗಿದ್ಮೇಲೆ ತಗೊಂಡ್ ಹೋಗ್ತಾರೆ. ಕಾಯೋಣ.”

ಅಕ್ಕ ನಿಟ್ಟುಸಿರು ಬಿಟ್ಟು ಟ್ಯಾಂಕಿನ ನೆರಳಿನಲ್ಲಿ ಪೇಪರು ಹಾಸಿ ಕೂತಳು. ಲುಂಗಿ ಒಣಗುವುದನ್ನು ಕಾಯುವುದು ಎಷ್ಟು ಬೇಸರದ ಕೆಲಸವೆಂದು ಅಂದಿನ ತನಕ ನನಗೆ ಗೊತ್ತಿರಲಿಲ್ಲ. ಗಾಳಿ ಬಂದರೆ ಅದು ಉಬ್ಬುತ್ತಿತ್ತು, ಬಿಟ್ಟರೆ ಜೋಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಲಸಗಾರನೊಬ್ಬ ಸಾರವೆಯ ಮೇಲೆ ಪ್ರತ್ಯಕ್ಷನಾದ. ನನಗೆ ಜೀವ ಬಂದಂತಾಯಿತು. ಅವನು ಲುಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದ. ತೃಪ್ತಿಯಾಗಲಿಲ್ಲವೇನೋ, ತಿರುವಿ ಹಾಕಿದ. ಆಮೇಲೆ ಅದರ ಪಕ್ಕದಲ್ಲೇ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ಊಟದ ಡಬ್ಬಿ ಬಿಚ್ಚಿದ.

ನಾನು ಲೆನ್ಸನ್ನು ಟೆರೇಸಿನ ಕಟ್ಟೆಯ ಮೇಲಿಟ್ಟು ಫೋಕಸ್ ನೋಡುವುದಕ್ಕೆಂದು ಸುಮ್ಮನೆ ಕ್ಲಿಕ್ ಮಾಡುತ್ತಿದ್ದೆ. ಅಕ್ಕ ಎದ್ದು ಬಂದಳು.

“ಎಲ್ಲಿ, ನಂಗೂ ತೋರ್ಸು.”

ಕನ್ನಡಕ ಹಣೆಗೇರಿಸಿ ಒಂದು ಕಣ್ಣು ಮುಚ್ಚಿ ನೋಡಿದವಳು ಮತ್ತೆ ಜಾಗ ಬಿಡಲೇ ಇಲ್ಲ.

“ಅಯ್ಯೋ, ಮುಂದೇನೇ ಕೂತ ಹಾಗಿದಾನಲ್ಲೇ! ಮುದ್ದೆ. ಸೊಪ್ಪಿನ್ ಸಾರಿರ್ಬೇಕು. ಮೆಣಸಿನ್‌ಕಾಯಿ ಕಚ್ಚಿದ… ಖಾರ ಆಯ್ತು ಪಾಪ. ನೀರ್ ಕುಡಿಯಪ್ಪಾ, ನೀರು! ಬಾಟ್ಲಿ ಆ ಕಡೆ ಇದೆ ನೋಡು, ಎಡಗಡೆ!”

“ಅವನಿಗ್ ಕೇಳ್ಸುತ್ತಾ?”

“ಸುಮ್ನಿರು. ಕುಡ್ದ.” ಕಣ್ಣು ತೆಗೆಯದೆಯೇ, “ಇದಕ್ಕೇ ಇರ್ಬೇಕು ಕಣೇ, ಅವ್ರು ಗಂಟೆಗಟ್ಟಲೆ ಕೂತ್ಕೋತಿದ್ದಿದ್ದು. ಒಂದ್ಸಲನಾದ್ರೂ ನಂಗೆ ತೋರ್ಸಿದ್ರೆ ಏನಾಗ್ತಿತ್ತು?” ಎಂದಳು. ಅಷ್ಟರಲ್ಲೇ, “ಅಯ್ಯೋ ಬೆರಳ್ ನೆಕ್ತಿದಾನೆ, ತೆಗಿ ತೆಗಿ, ಇದನ್ ತೆಗಿ!” ಎಂದು ನನ್ನನ್ನು ಕ್ಯಾಮರಾಗೆ ತಳ್ಳಿದಳು. ನಾನು ತೆಗೆದೆ. ಲುಂಗಿ, ಮನುಷ್ಯ, ಡಬ್ಬಿ, ಕಂಬ, ಹೂಕೋಸು, ಎಲ್ಲ ಸೇರಿಸಿ.

ಆಗ ಟೆರೇಸಿನ ಬಾಗಿಲು ದಡಾರನೆ ತೆರೆಯಿತು. ಇಬ್ಬರು ಪೊಲೀಸರು, ಅವರ ಹಿಂದೆ ಸೆಕ್ಯುರಿಟಿಯವನು. ಲಿಫ್ಟು ಕೈಕೊಟ್ಟಿತ್ತೆಂದು ಕಾಣುತ್ತದೆ, ಮೂವರೂ ಏದುಸಿರು ಬಿಡುತ್ತಿದ್ದರು. ಅಕ್ಕಪಕ್ಕದ ಯಾವುದೋ ಆಫೀಸಿನವರು ಕಿಟಕಿಯಿಂದ ನೋಡಿ ಫೋನ್ ಮಾಡಿದ್ದರಂತೆ: ಟೆರೇಸಿನ ಮೇಲೆ ಇಬ್ಬರು, ಮಿಲಿಟರಿ ಬಟ್ಟೆ ಸುತ್ತಿದ ಉದ್ದದ್ದೇನನ್ನೋ ಪಾರ್ಕಿನ ಕಡೆ ಗುರಿ ಇಟ್ಟಿದ್ದಾರೆ, ಬೆಳಗ್ಗೆಯಿಂದ ಅಲುಗಾಡಿಲ್ಲ. ಪಾರ್ಕಿನ ಆಚೆ ಹೈಕೋರ್ಟು, ಅದರ ಎದುರಿಗೇ ವಿಧಾನಸೌಧ. ಗುರಿಗೇನು ಬರವೇ?

ಪೊಲೀಸರು ಇಬ್ಬರು ಭಯೋತ್ಪಾದಕರನ್ನು ನಿರೀಕ್ಷಿಸಿ ಬಂದಿದ್ದರು. ಕಂಡದ್ದು ನೇರಳೆ ಸೀರೆಯ ಒಂದು ಅಜ್ಜಿ, ಕೈಯಲ್ಲಿ ಕೋಡುಬಳೆ. ಹತ್ತಿ ಸೀರೆ ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡ ಇನ್ನೊಂದು ಅಜ್ಜಿ.

“ಏನಮ್ಮಾ ಅದು?” ಎಂದ ದೊಡ್ಡವನು, ಲೆನ್ಸಿನಿಂದ ಸಾಕಷ್ಟು ದೂರದಲ್ಲೇ ನಿಂತು.

“ನಮ್ಮನೆಯವ್ರದ್ದು,” ಎಂದಳು ಅಕ್ಕ.

“ಅವ್ರೆಲ್ಲಿ?”

ಅಕ್ಕ ಕೈಯನ್ನು ಆಕಾಶಕ್ಕೆ ತೋರಿಸಿದಳು. ಪೊಲೀಸರು ಇಬ್ಬರೂ ಒಟ್ಟಿಗೆ ಟ್ಯಾಂಕಿನ ಮೇಲೆ ನೋಡಿದರು.

ಕೊನೆಗೆ ಸ್ಟೇಷನ್ನಿಗೆ ಬರಲೇಬೇಕೆಂದಾಯಿತು. ಸೆಕ್ಯುರಿಟಿಯವನು ನೊಂದ ದನಿಯಲ್ಲಿ, “ಟ್ಯಾಂಕ್ ನೋಡ್ತೀವಿ ಅಂದ್ರು ಸಾರ್” ಎಂದ. ಅಕ್ಕ ಅವನ ಕಡೆ ತಿರುಗಿ, “ನೋಡ್ದೆ ಕಣಪ್ಪಾ, ಪಾಚಿ ಕಟ್ಟಿದೆ, ತೊಳ್ಸು” ಎಂದಳು. ಜೀಪು ಹತ್ತಿದೆವು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ನೋಡಿದರೆ ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡೆ. ಅಕ್ಕ ಕಿಟಕಿ ಪಕ್ಕದ ಸೀಟು ಕೇಳಿ ಗಿಟ್ಟಿಸಿಕೊಂಡಳು.

ಸ್ಟೇಷನ್ನಿನಲ್ಲಿ ಅಂದು ಬೇರೇನೋ ಸಡಗರವಿತ್ತು. ಮೇಜಿನ ಮೇಲೆ ಸುಗಂಧರಾಜದ ಹಾರ, ಕೇಕಿನ ಡಬ್ಬಿ, ಮೈಸೂರು ಪೇಟ. ಹಿರಿಯ ಎ.ಎಸ್.ಐ. ಒಬ್ಬರು ಅಂದೇ ನಿವೃತ್ತರಾಗುವವರಿದ್ದರು. ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೇಕಿನ ಚಾಕು ಕೆಳಗಿಟ್ಟು ನಮ್ಮನ್ನು ಕೂರಿಸಿ, ಕ್ಯಾಮರಾದಲ್ಲಿ ಏನಿದೆ ತೋರಿಸಿ ಎಂದಳು. ನಾನು ಒಂದೊಂದಾಗಿ ತೋರಿಸಿದೆ. ಕಂಬದ ಹೊಟ್ಟೆ. ಬಸ್ಸಿನ ಬದಿ. ಲುಂಗಿ. ಲುಂಗಿ. ಉಬ್ಬಿದ ಲುಂಗಿ. ಜೋತ ಲುಂಗಿ. ಅವಳು ಮುಂದೆ ಬಾಗಿದಳು.

“ಮೇಡಮ್, ಬೆಳಗ್ಗೆಯಿಂದ ಇದನ್ನೇ ತೆಗೀತಿದ್ರಾ?”

“ಒಣಗೋದನ್ನ ಕಾಯ್ತಿದ್ವಿ,” ಎಂದೆ. ಹೇಳಿದ ಮೇಲೆ ಅದು ಎಷ್ಟು ಕೆಟ್ಟದಾಗಿ ಕೇಳಿಸಿತೆಂದು ನನಗೇ ಅನ್ನಿಸಿತು.

“ಒಣಗ್ತಾ?”

“ಇಲ್ಲ, ಅಷ್ಟರಲ್ಲಿ ನಿಮ್ಮೋರ್ ಬಂದ್ಬಿಟ್ರು.”

ಅವಳು ತುಟಿ ಕಚ್ಚಿಕೊಂಡಳು, ಸಾಲಲಿಲ್ಲ. ಮೇಜಿನ ಮೇಲೆ ಹಣೆ ಇಟ್ಟು ನಕ್ಕಳು. ಸುತ್ತ ನಿಂತವರೆಲ್ಲ ನಕ್ಕರು. ನಗದೆ ನಿಂತವರು ನಿವೃತ್ತರಾಗುತ್ತಿದ್ದ ಎ.ಎಸ್.ಐ. ಒಬ್ಬರೇ. ದಪ್ಪ ಮೀಸೆ, ಗಂಟು ಹಾಕಿದ ಹುಬ್ಬು. ಇಡೀ ಸೇವೆಯಲ್ಲಿ ಒಂದು ಸಲವೂ ನಗದೆ ಮುಗಿಸಬೇಕೆಂದು ಹರಕೆ ಹೊತ್ತವರ ಹಾಗಿದ್ದರು.

ಹೆಸರು, ವಿಳಾಸ ಬರೆಸಿಕೊಂಡು, ಇನ್ನು ಮೇಲೆ ಕಟ್ಟಡದವರನ್ನು ಕೇಳಿಯೇ ಟೆರೇಸ್ ಹತ್ತಿ ಎಂದು ಬುದ್ಧಿ ಹೇಳಿ ನಮ್ಮನ್ನು ಬಿಟ್ಟರು. ಹೊರಡುವಾಗ ಸಬ್ ಇನ್‌ಸ್ಪೆಕ್ಟರ್, “ಇಷ್ಟ್ ದೊಡ್ಡ ಕ್ಯಾಮರಾ ಇದೆ. ನಮ್ ಸಾರ್ ರಿಟೈರ್ ಆಗ್ತಿದಾರೆ, ಎಲ್ರದ್ದೂ ಒಂದ್ ಗ್ರೂಪ್ ಫೋಟೊ ತೆಗ್ದುಕೊಡ್ತೀರಾ?” ಎಂದಳು. ಪೊಲೀಸ್ ಸ್ಟೇಷನ್ನಿನಲ್ಲಿ ನಿಂತು ಆಗುವುದಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತರು, ನಡುವೆ ಪೇಟ ಹಾರ ಹಾಕಿಕೊಂಡ ಎ.ಎಸ್.ಐ. ನಾನು ಅಂಗಳದಲ್ಲಿ ನಿಂತು ಕಣ್ಣಿಟ್ಟರೆ ಬರೀ ಖಾಕಿ ಮಬ್ಬು. ಹಿಂದೆ ಹೋದೆ. ಒಂದು ಮೀಸೆ ಸಿಕ್ಕಿತು. ಗೇಟಿನ ತನಕ ಹೋದೆ. ಎರಡು ಮುಖ. “ಎಲ್ಲಿಗ್ ಹೋಗ್ತಿದೀರ ಮೇಡಮ್?” ಎಂದು ಯಾರೋ ಗಾಬರಿಯಿಂದ ಕೂಗಿದರು. “ತಪ್ಪಿಸ್ಕೊಂಡ್ ಹೋಗ್ತಿಲ್ಲಪ್ಪಾ, ಫೋಟೊ ತೆಗ್ಯೋದೇ ಹಂಗೆ!” ಎಂದು ಅಕ್ಕ ಉತ್ತರ ಕೊಟ್ಟಳು. ನಾನು ರಸ್ತೆ ದಾಟಿ ಎದುರಿನ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತಾಗ ಎಲ್ಲರೂ ಚೌಕಟ್ಟಿನೊಳಗೆ ಬಂದರು. ಅವರ ಮುಂದೆ ಆಟೊ, ಬಸ್ಸು, ಕಾರುಗಳೂ ಬಂದವು.

ಅಕ್ಕ ಮೊಬೈಲಿನಲ್ಲಿ ನನಗೆ ಫೋನ್ ಮಾಡಿದಳು. “ಈಗ್ಲಾದ್ರೂ ಕಾಣ್ತಿದಾರಾ?”

“ಕಾಣ್ತಿದಾರೆ. ಗಾಡಿಗಳು ಅಡ್ಡ ಬರ್ತಿವೆ.”

ಅವಳು ಅದನ್ನು ಸಬ್ ಇನ್‌ಸ್ಪೆಕ್ಟರಿಗೆ ಹೇಳಿದಳು. ಆ ಹುಡುಗಿ ಕೈಬೀಸಿದ್ದೇ ತಡ, ಇಬ್ಬರು ಪೇದೆಗಳು ರಸ್ತೆಗಿಳಿದು ಸೀಟಿ ಊದಿ ಎರಡೂ ಕಡೆ ವಾಹನ ನಿಲ್ಲಿಸಿದರು. ರಸ್ತೆ ಖಾಲಿಯಾಯಿತು. ಸ್ಕೂಟರಿನವನೊಬ್ಬ ಹೆಲ್ಮೆಟ್ ತೆಗೆದು, “ಯಾರ್ ಬರ್ತಿದಾರೆ ಗುರು, ಸಿ.ಎಮ್ಮಾ?” ಎಂದ. ಕಬ್ಬಿನ ಹಾಲಿನವನು ನನ್ನ ಕಡೆ ಬೆರಳು ತೋರಿಸಿ, “ಇವ್ರೇ” ಎಂದ.

“ಸಾರ್ ನಗ್ತಿಲ್ಲ,” ಎಂದೆ ನಾನು ಫೋನಿನಲ್ಲಿ. ಲೆನ್ಸಿನಲ್ಲಿ ಅವರ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಅಕ್ಕ ಅವರ ಹತ್ತಿರ ಹೋಗಿ ಏನೋ ಹೇಳಿದಳು. ಅವರು ಅವಳ ಕಡೆ ನೋಡಿದರು, ಒಂದು ಕ್ಷಣ ಮೀಸೆ ನಡುಗಿತು, ಆಮೇಲೆ ಆ ಮನುಷ್ಯ ಪೇಟ ವಾರೆಯಾಗುವ ಹಾಗೆ ಬಾಯಿ ತುಂಬ ನಕ್ಕರು. ನಾನು ಒತ್ತಿದೆ. ಹಾರನ್ನುಗಳು ಶುರುವಾದವು. ಏನು ಹೇಳಿದೆ ಎಂದು ಆಮೇಲೆ ಎಷ್ಟು ಕೇಳಿದರೂ ಅಕ್ಕ ಬಾಯಿ ಬಿಡಲಿಲ್ಲ. “ಮದ್ವೆ ಆದೋರ್ ಮಾತು ಕಣೇ, ನಿಂಗ್ಯಾಕೆ?” ಎಂದಳು. ಮದುವೆಯಾಗದವಳಿಗೆ ಈ ಉತ್ತರವನ್ನು ಅವಳು ಬಹಳ ಕಾಲದಿಂದ ಕೊಡುತ್ತಾ ಬಂದಿದ್ದಾಳೆ.

ಲುಂಗಿಯಿಲ್ಲದ ಫೋಟೊಗೆ ಇನ್ನೊಮ್ಮೆ ಹೋಗೋಣ ಎಂದರೆ ಅಕ್ಕ ಒಪ್ಪಲಿಲ್ಲ. ಬೆರಳು ನೆಕ್ಕುತ್ತಿರುವುದೇ ಬೇಕೆಂದಳು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವೆನ್ಯೂ ರಸ್ತೆಯ ಸಂದಿಯೊಂದರಲ್ಲಿ ದೇವರ ಪಟಗಳಿಗೆ ಚೌಕಟ್ಟು ಹಾಕುವ ಅಂಗಡಿಗೆ ಒಯ್ದೆವು. ಅಂಗಡಿಯವನು ಬಹಳ ಹೊತ್ತು ನೋಡಿ, “ಫಸ್ಟ್ ಕ್ಲಾಸಾಗಿದೆ. ಈ ಲುಂಗಿ ಮಾತ್ರ ಕಂಪ್ಯೂಟರಲ್ಲಿ ತೆಗ್ಸಿಬಿಡಿ ಅಮ್ಮಾ” ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

“ತೆಗ್ಸಿದ್ರೆ ಆ ಮನುಷ್ಯ ಸಾಯಂಕಾಲ ಏನ್ ಉಟ್ಕೋತಾನೆ?” ಎಂದಳು ಅಕ್ಕ. ಮಾತು ಅಲ್ಲಿಗೆ ಮುಗಿಯಿತು. ಹಾಲ್‌ನ ಗೋಡೆಯಿಂದ ದೊಡ್ಡ ಹದ್ದು ಇಳಿದು ಬಚ್ಚಲಮನೆಯ ಓಣಿಗೆ ಹೋಯಿತು, ಮ್ಯೂಸಿಯಂ ಸೋಫಾದ ಮೇಲಕ್ಕೇರಿತು. ನೇತುಹಾಕಿ ಹಿಂದೆ ಸರಿದು ನೋಡಿದಾಗ, ಒಪ್ಪಿಕೊಳ್ಳುವುದಕ್ಕೆ ಮನಸ್ಸಿಲ್ಲದಿದ್ದರೂ, ಅದು ನಾನು ತೆಗೆದ ಫೋಟೊಗಳಲ್ಲೇ ಚೆನ್ನಾದದ್ದು ಎಂದು ನನಗೆ ಗೊತ್ತಾಯಿತು. ಆ ನೀಲಿ ಚೌಕಳಿ ಇಲ್ಲದಿದ್ದರೆ ಕಂಬಗಳು ಎಷ್ಟು ಎತ್ತರವೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಗ್ರೂಪ್ ಫೋಟೊದ ಪ್ರತಿ ತೆಗೆದುಕೊಳ್ಳಲು ಎ.ಎಸ್.ಐ. ಅವರು ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಅಕ್ಕನ ಮನೆಗೇ ಬಂದರು, ಕೈಯಲ್ಲಿ ತಮ್ಮೂರಿನ ಸೊಗಡಿನ ಅವರೆಕಾಯಿ ತುಂಬಿದ ಚೀಲ. ಖಾಕಿಯಿಲ್ಲದೆ ಬಿಳಿ ಷರಟಿನಲ್ಲಿ ಸಣ್ಣಗೆ ಕಾಣುತ್ತಿದ್ದರು. ಅಕ್ಕ ಮೊರ ತಂದಿಟ್ಟಳು, ನಾವು ಮೂವರು ಹೆಂಗಸರು ಸುತ್ತ ಕೂತು ಕಾಯಿ ಸುಲಿಯತೊಡಗಿದೆವು. ಅವರ ಹೆಂಡತಿ ಫೋಟೊವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಮದ್ವೆ ಫೋಟೊದಾಗೂ ನಕ್ಕಿಲ್ಲ ಇವ್ರು,” ಎಂದರು ಕೊನೆಗೆ. “ಹಲ್ಲು ಇಷ್ಟ್ ಚೆನ್ನಾಗವೆ ಅಂತ ನಂಗೇ ಗೊತ್ತಿರ್ಲಿಲ್ಲ ಅಕ್ಕಾ.”

ಎ.ಎಸ್.ಐ. ಅವರು ಗೋಡೆಯ ಮೇಲಿನ ಲುಂಗಿಯನ್ನು ತುಂಬ ಗಮನವಿಟ್ಟು ನೋಡತೊಡಗಿದರು.

ಆಕೆ ಹಾಲ್‌ನ ಸುತ್ತ ಕಣ್ಣಾಡಿಸಿ, “ನಿಮ್ ಯಜಮಾನ್ರ ಫೋಟೊ ಎಲ್ಲೂ ಕಾಣಕಿಲ್ವಲ್ಲ?” ಎಂದು ಸಂಕೋಚದಿಂದ ಕೇಳಿದರು.

“ಎಲ್ಲಿ ಬರುತ್ತಮ್ಮಾ? ಯಾವಾಗ್ಲೂ ಕ್ಯಾಮರಾ ಹಿಂದೇನೇ ಇರ್ತಿದ್ರು. ಆಧಾರ್ ಕಾರ್ಡಲ್ಲಿ ಒಂದಿದೆ,” ಎಂದಳು ಅಕ್ಕ. ಒಂದು ಕಾಯಿ ಬಿಡಿಸಿ, ಹುಳ ಕಂಡು, ಪಕ್ಕಕ್ಕೆ ಹಾಕಿದಳು. “ತಂದ್ ತೋರಿಸ್ತೀನಿ. ಹೆದರ್ಕೋಬೇಡಿ, ಅಷ್ಟ್ ಕೆಟ್ಟದಾಗೇನ್ ಇರ್ಲಿಲ್ಲ ಅವ್ರು.”

ಸೆರಗಿಗೆ ಕೈ ಒರೆಸಿಕೊಂಡು ಎದ್ದು ಒಳಗೆ ಹೋದಳು. ಬೀರು ತೆರೆದ ಸದ್ದು ಕೇಳಿತು. ಅವಳು ಬರುವುದು ತಡವಾಯಿತು. ನಾವು ಕಾಯಿ ಸುಲಿಯುತ್ತಾ ಕೂತೆವು.